ಜೀಪು ಕುಡಿದ ನೀರು

ಹೂಬತ್ತಿ ಮಾಡುವಾಗ ನನಗೆ ಫೋನ್ ಬರಬಾರದು. ಬೆರಳ ತುದಿಯಲ್ಲಿ ಹಾಲಿನ ಪಸೆ, ಮಡಿಲಲ್ಲಿ ಬಿಡಿಸಿದ ಹತ್ತಿ. ಎದ್ದರೆ ಹತ್ತಿ ಹಾರುತ್ತದೆ, ಏಳದಿದ್ದರೆ ಫೋನ್ ಮೇಜಿನಿಂದ ಹಾರುವಷ್ಟು ನಡುಗುತ್ತದೆ. ಆ ಗುರುವಾರ ಹತ್ತಿಯನ್ನು ಅದರ ಪಾಡಿಗೆ ಬಿಟ್ಟು ಎದ್ದೆ. ನಾದಿನಿ ಸುಮಿತ್ರಾ.

“ಅತ್ತಿಗೆ, ಗಾಬರಿ ಆಗ್ಬೇಡಿ. ಭದ್ರಾವತಿ ದಾಟಿ ಸ್ವಲ್ಪ ಮುಂದೆ ನಿಂತಿದೀವಿ. ಜೀಪು ಮೂಗಿನಲ್ಲಿ ಹೊಗೆ ಬಿಡ್ತಿದೆ. ಅಣ್ಣ ಅದರ ಮುಂದೆ ಕೈ ಕಟ್ಕೊಂಡು ನಿಂತಿದಾನೆ, ಹೋಮಕ್ಕೆ ಕೂರೋನ ಥರ.”

“ನೀನೆಲ್ಲಿದೀಯೇ?”

“ಒಳಗೇ ಇದೀನಿ. ಎಲ್ಲಿಗೆ ಓಡಿಹೋಗ್ಲಿ ನಾನು?”

ಅವಳ ಮಾತು ಅರ್ಥವಾಗಬೇಕಾದರೆ ನಮ್ಮ ಜೀಪಿನ ಕಥೆ ಹೇಳಬೇಕು. ಸುಮಿತ್ರಾ ಇರುವುದು ಭದ್ರಾವತಿಯ ಕಾಗದನಗರದಲ್ಲಿ, ನಾವಿರುವುದು ಶಿವಮೊಗ್ಗದ ರಾಗಿಗುಡ್ಡದ ಹತ್ತಿರ. ಹೋದ ವರ್ಷ ಅವಳಿಗೆ ಲಕ್ವ ಹೊಡೆದು ಎಡಗಾಲು, ಎಡಗೈ ಸ್ವಾಧೀನ ತಪ್ಪಿದವು. ಪ್ರತಿ ಗುರುವಾರ ಶಿವಮೊಗ್ಗಕ್ಕೆ ಕರೆತಂದು ವ್ಯಾಯಾಮ ಮಾಡಿಸಬೇಕು. ಮೊದಲ ಸಲ ಬಾಡಿಗೆ ಕಾರು ತರಿಸಿದೆವು. ಕಾರಿನ ಬಾಗಿಲಲ್ಲಿ ಇಬ್ಬರು ಗಂಡಸರು ಅವಳ ಕಂಕುಳಿಗೆ ಕೈ ಹಾಕಿ ಎತ್ತಿ ಒಳಗೆ ಕೂರಿಸಿದರು. ಕ್ವಾರ್ಟರ್ಸಿನವರೆಲ್ಲ ನೋಡುತ್ತ ನಿಂತಿದ್ದರು. ಶಿವಮೊಗ್ಗದಲ್ಲಿ ಇಳಿಯುವಾಗ ಅವಳು, “ಅಕ್ಕಿ ಮೂಟೆನಾದ್ರೂ ಇದಕ್ಕಿಂತ ಮರ್ಯಾದೆಯಿಂದ ಇಳಿಸ್ತಾರೆ ಅತ್ತಿಗೆ. ಇನ್ನು ನಾನು ಬರಲ್ಲ” ಎಂದಳು.

ನಮ್ಮ ಮನೆಯವರಿಗೆ ಆಗ ಅಂಗಳದಲ್ಲಿದ್ದ ಹಳೆಯ ಡೀಸೆಲ್ ಜೀಪಿನ ನೆನಪಾಯಿತು. ಹಿಂದಿನ ಸೀಟು ಕಿತ್ತರು, ಗಟ್ಟಿ ಹಲಗೆಯೊಂದಕ್ಕೆ ಕೀಲು ಹಾಕಿಸಿ ಹಿಂಬಾಗಿಲಿಗೆ ಕೂರಿಸಿದರು. ಹಲಗೆ ಇಳಿಸಿದರೆ ಗಾಲಿಕುರ್ಚಿ ಇದ್ದ ಹಾಗೇ ಮೇಲೆ ಹತ್ತುತ್ತದೆ. ಬೆಲ್ಟಿನಿಂದ ಬಿಗಿದರೆ ಅಲುಗುವುದಿಲ್ಲ. ಸುಮಿತ್ರಾ ಬೆನ್ನು ನೆಟ್ಟಗಿಟ್ಟು ಪಲ್ಲಕ್ಕಿಯಲ್ಲಿ ಕೂತ ದೇವರಂತೆ ಬರತೊಡಗಿದಳು. ವ್ಯಾಯಾಮ ಮುಗಿಸಿ ನಮ್ಮಲ್ಲಿ ಊಟ, ಸಂಜೆ ವಾಪಸು. ಎಡಗಾಲ ಬೆರಳು ಆಗಲೇ ಅಲ್ಲಾಡಲು ಶುರುವಾಗಿತ್ತು. ವ್ಯಾಯಾಮ ಮಾಡಿಸುವವರು, ಈಗ ನಿಲ್ಲಿಸಿದರೆ ಬಂದದ್ದೂ ಹೋಗುತ್ತದೆ ಎಂದು ಎಚ್ಚರಿಸಿದ್ದರು. ಹೀಗಾಗಿ ಜೀಪು ಮೂಗಿನಲ್ಲಿ ಹೊಗೆ ಬಿಟ್ಟಿತು ಎಂದರೆ ನನ್ನ ಎದೆಯಲ್ಲಿ ಏಳುವ ಹೊಗೆಯೇ ಬೇರೆ.

ಆ ದಿನ ದೇವರು ದೊಡ್ಡವನು. ಕೆಟ್ಟು ನಿಂತದ್ದು ಹುಣಸೆ ಮರದ ನೆರಳಿನಲ್ಲಿ. ಇವರು ರೇಡಿಯೇಟರಿನ ಬಿಸಿ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಸುಮಿತ್ರಾ ಒಳಗಿನಿಂದ ಗದರಿಸಿ ನಿಲ್ಲಿಸಿದಳಂತೆ. ಇಲ್ಲದಿದ್ದರೆ ಮುಖ ಬೆಂದುಹೋಗುತ್ತಿತ್ತು. ತಣ್ಣಗಾದ ಮೇಲೆ ನೋಡಿದರೆ ರೇಡಿಯೇಟರಿನಲ್ಲಿ ನೀರೇ ಇಲ್ಲ. ಕುಡಿಯಲು ಒಯ್ದಿದ್ದ ನೀರನ್ನೆಲ್ಲ ಅದಕ್ಕೆ ಕುಡಿಸಿ ಮನೆ ಸೇರಿದರು.

ಅಲ್ಲಿಂದ ದಿನಾ ಒಂದೇ ಕಥೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಒಂದು ಲೋಟದಷ್ಟು ನೀರು ಕಡಿಮೆ. ಇವರು ತುಂಬುತ್ತಾರೆ, ಮರುದಿನ ಮತ್ತೆ ಕಡಿಮೆ. ಮುಂದಿನ ಗುರುವಾರ ಸಂಜೆ ಸುಮಿತ್ರಾಳನ್ನು ಬಿಟ್ಟು ಬರುವಾಗ ಭದ್ರಾವತಿಯ ಮೆಕ್ಯಾನಿಕ್ ಸೆಲ್ವಣ್ಣನ ಶೆಡ್ಡಿಗೆ ಜೀಪು ಒಯ್ದರು. ಸೆಲ್ವಣ್ಣ ಮುಚ್ಚಳ ಬದಲಿಸಿದ, ಪೈಪುಗಳನ್ನೆಲ್ಲ ಸವರಿ ನೋಡಿದ, ಎಲ್ಲವೂ ಒಣಗಿದ್ದವು. ಎಂಜಿನ್ ಆಯಿಲಿನಲ್ಲಿ ನೀರು ಬೆರೆತಿದೆಯೇ ಎಂದು ಕಡ್ಡಿ ಎಳೆದು ನೋಡಿದ, ಅದೂ ಇಲ್ಲ. ಕೊನೆಗೆ ನೀರೆಲ್ಲ ಬಸಿದು ಹಸಿರು ಬಣ್ಣದ ಕೂಲೆಂಟ್ ತುಂಬಿ, ಫೋನಿನಲ್ಲಿ ನನ್ನನ್ನೇ ವಿಚಾರಿಸಿದ.

“ಅಕ್ಕಾ, ಬೆಳಿಗ್ಗೆ ಗಾಡಿ ಕೆಳಗೆ ಏನಾದ್ರೂ ಸೋರಿರುತ್ತಾ? ಕಲೆ ಗಿಲೆ?”

“ನಮ್ಮ ಅಂಗಳದಲ್ಲಿ ಕಲೆ ಇರೋಕೆ ಬಿಡ್ತೀನಾ ಸೆಲ್ವಣ್ಣ?” ಎಂದೆ ನಾನು. ಇಷ್ಟು ಹೆಮ್ಮೆಯಿಂದ ನಾನು ಯಾವ ಪ್ರಶ್ನೆಗೂ ಉತ್ತರ ಕೊಟ್ಟದ್ದಿಲ್ಲ.

“ಹಂಗಾದ್ರೆ ಮುಗೀತಕ್ಕ. ಹೊರಗೆ ಹೋಗದೆ ಇರೋ ನೀರು ಒಳಗೇ ಹೋಗ್ಬೇಕು. ಹೆಡ್ ಗ್ಯಾಸ್ಕೆಟ್ ಹೋಗಿದೆ. ಇನ್ನೊಂದು ವಾರ ನೋಡಿ, ಮತ್ತೆ ಇಳಿದ್ರೆ ಎಂಜಿನ್ ಬಿಚ್ಚೋದೇ.”

ಗ್ಯಾಸ್ಕೆಟ್ ಎಂದರೆ ನನಗೆ ಗೊತ್ತಿದ್ದದ್ದು ಕುಕ್ಕರಿನದು. ಅದು ಸಡಿಲವಾದರೆ ಬೇಳೆ ಬೇಯುವುದಿಲ್ಲ, ಹೊಸದು ತಂದು ಹಾಕಿದರಾಯಿತು. ಎಂಜಿನ್ನಿನದು ಹಾಗಲ್ಲವಂತೆ. ಅದನ್ನು ಬದಲಿಸಬೇಕಾದರೆ ಎಂಜಿನ್ನಿನ ತಲೆಯನ್ನೇ ಎತ್ತಬೇಕು. ಮನೆಯವರು ಊಟಕ್ಕೆ ಕೂತಾಗ ಹೇಳಿದರು: “ಈ ವಯಸ್ಸಿನಲ್ಲಿ ಅದರ ತಲೆ ಬಿಚ್ಚಿದ್ರೆ ಮತ್ತೆ ಕೂಡಲ್ಲ ಮಾರಾಯ್ತಿ. ಗುಜರಿಗೆ ಕೊಡೋದೇ.” ಅವರು ಸಾರಿಗೆ ಉಪ್ಪು ಕಮ್ಮಿ ಎನ್ನುವುದೂ ಇದೇ ದನಿಯಲ್ಲಿ. ಆದರೆ ಅನ್ನ ಅರ್ಧಕ್ಕೆ ಬಿಟ್ಟು ಎದ್ದರು. ಎರಡು ದಿನಕ್ಕೆ ಗುಜರಿಯವನೊಬ್ಬ ಬಂದು ಜೀಪಿಗೆ ಒಂದು ಸುತ್ತು ಹಾಕಿ, ಟೈರಿಗೆ ಕಾಲಿನಿಂದ ಒದ್ದು ನೋಡಿ ಹೋದ. ಸುಮಿತ್ರಾಳಿಗೆ ಹೇಗೋ ಸುದ್ದಿ ಮುಟ್ಟಿತು. “ಬಿಡಿ ಅತ್ತಿಗೆ, ಬೆರಳಾದ್ರೂ ಬಂತಲ್ಲ, ಅಷ್ಟೇ ಸಾಕು” ಎಂದಳು. ತಮಾಷೆ ಮಾಡದ ಸುಮಿತ್ರಾಳ ದನಿ ನನಗೆ ಕೇಳಿ ಅಭ್ಯಾಸವಿಲ್ಲ.

ನಾನು ದೇವರಿಗೆ ಹೇಳಿಕೊಂಡೆ. ಧನುರ್ಮಾಸ ಬೇರೆ, ಕತ್ತಲಿರುವಾಗಲೇ ಎದ್ದು ಅಂಗಳಕ್ಕೆ ಬಕೆಟ್‌ಗಟ್ಟಲೆ ನೀರು ಸುರಿದು, ಜೀಪಿನ ಮೂತಿಯ ಕೆಳಗಿನ ಮಣ್ಣೂ ಹೋಗುವಂತೆ ಪೊರಕೆಯಿಂದ ತಿಕ್ಕಿ, ದೊಡ್ಡ ರಂಗೋಲಿ ಎಳೆಯುತ್ತಿದ್ದೆ. ಸೋಮವಾರ ಕೋಟೆಯ ದೇವಸ್ಥಾನಕ್ಕೂ ಹೋಗಿ ಬಂದೆ. ಲಿಂಗದ ಮೇಲೆ ತೂಗಿಬಿಟ್ಟ ಧಾರಾಪಾತ್ರೆಯಿಂದ ನೀರು ತೊಟ್ಟುತೊಟ್ಟಾಗಿ ಬೀಳುತ್ತಿತ್ತು. ಬಿದ್ದ ನೀರು ಪೀಠದ ಸುತ್ತ ಹರಿದು ಗೋಮುಖದಲ್ಲಿ ಹೊರಗೆ ಬರುತ್ತದೆ. ನಾವು ಅದನ್ನು ಅಂಗೈಯಲ್ಲಿ ಹಿಡಿದು ತಲೆಗೆ ಪ್ರೋಕ್ಷಿಸಿಕೊಳ್ಳುತ್ತೇವೆ. ದೇವರ ಮೇಲೆ ಬಿದ್ದ ನೀರಿಗೇ ಹೊರಗೆ ಬರುವ ದಾರಿಯೊಂದಿದೆ, ನಮ್ಮ ಜೀಪಿನ ನೀರಿಗೆ ಯಾಕಿಲ್ಲ ಸ್ವಾಮಿ ಎಂದು ಕೇಳಿದೆ. ಸ್ವಾಮಿಯ ಬದಲು ಅರ್ಚಕರು, “ಸ್ವಲ್ಪ ಮುಂದೆ ಹೋಗಿಮ್ಮಾ, ಹಿಂದಿನೋರಿಗೂ ಕಾಣ್ಲಿ” ಎಂದರು.

ಮರುದಿನವೇ ಊರಿನಿಂದ ಸುದ್ದಿ ಬಂತು. ಇವರ ದೊಡ್ಡಪ್ಪ ತೀರಿಕೊಂಡರು. ತುಂಬು ವಯಸ್ಸು, ಮೊಸರನ್ನ ಉಂಡು ಮಲಗಿದವರು ಏಳಲಿಲ್ಲ. ಅಂಥ ಸಾವಿಗೆ ಅತ್ತರೂ ಅಳು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ದಾಯಾದಿಗಳಾದ ನಮಗೆ ಸೂತಕ ಬಂತು. ದೇವರ ಕೋಣೆಯ ಬಾಗಿಲು ಹಾಕಿದೆ. ದೀಪವಿಲ್ಲ, ಹೂವಿಲ್ಲ. ನಮ್ಮ ಮನೆಯ ಪದ್ಧತಿಯಂತೆ ಸೂತಕದಲ್ಲಿ ಅಂಗಳಕ್ಕೆ ನೀರು ಹಾಕುವಂತಿಲ್ಲ, ರಂಗೋಲಿ ಇಡುವಂತಿಲ್ಲ. ಆ ಗುರುವಾರ ಹೊಸೆದ ಬತ್ತಿಗಳು ಡಬ್ಬಿಯಲ್ಲೇ ಉಳಿದವು. ಧನುರ್ಮಾಸದಲ್ಲೇ ಹೀಗಾಯಿತಲ್ಲ, ಕೇಳಿಕೊಳ್ಳಬೇಕಾದ ಹೊತ್ತಿನಲ್ಲೇ ಕೇಳಿಕೊಳ್ಳಲಾಗದ ಹಾಗಾಯಿತಲ್ಲ ಎಂದು ಮನಸ್ಸು ಮುದುಡಿತು.

ಮೊದಲ ಬೆಳಿಗ್ಗೆ ಕೈಗೆ ಕೆಲಸವಿಲ್ಲ. ಕಾಫಿ ಲೋಟ ಹಿಡಿದು ಹೊಸ್ತಿಲ ಮೇಲೆ ಕೂತೆ. ಬೆಳಕು ಹರಿಯುತ್ತಿತ್ತು, ಚಳಿ ಇತ್ತು. ಒಣಗಿದ ಅಂಗಳದಲ್ಲಿ, ಜೀಪಿನ ಮೂತಿಯ ಕೆಳಗೆ, ತಟ್ಟೆಯಷ್ಟಗಲ ಹಸಿರು ಕಂಡಿತು. ನಾನು ಮೊದಲು ಅಂದುಕೊಂಡದ್ದು ರಂಗೋಲಿಯ ಹಸಿರು ಪುಡಿ ಚೆಲ್ಲಿದೆ ಎಂದು. ಒರೆಸಲು ಬಟ್ಟೆಯನ್ನೂ ತಂದೆ. ಒರೆಸಲು ಬಗ್ಗಿದಾಗ, ನಿನ್ನೆ ಎಳೆದದ್ದು ಬರೀ ಬಿಳಿ ರಂಗೋಲಿಯಲ್ಲವೇ ಎಂದು ನೆನಪಾಯಿತು. ಅಷ್ಟರಲ್ಲಿ ನನ್ನ ಕಣ್ಣೆದುರೇ ಮೇಲಿನಿಂದ ಒಂದು ತೊಟ್ಟು ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಧಾರಾಪಾತ್ರೆಯಿಂದ ಬೀಳುವ ಹಾಗೆಯೇ, ಏನೂ ಅವಸರವಿಲ್ಲದೆ.

ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿ ಇವರನ್ನು ಎಬ್ಬಿಸಿದೆ. ಕಂಬಳಿ ಹೊದ್ದೇ ಬಂದವರು ಮಂಡಿಯೂರಿ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಕಲೆ ನೋಡಿದರು.

“ಇದು ದಿನಾ ಬೀಳ್ತಿತ್ತೇನೇ?”

“ನನಗೇನು ಗೊತ್ತು? ನಾನು ಕತ್ತಲಲ್ಲೇ ತೊಳೀತಿದ್ನಲ್ಲ.”

“ಸರಿ ಹೋಯ್ತು. ಕಳ್ಳ ಬಂದು ಹೋದ ಹೆಜ್ಜೇನೆಲ್ಲ ನೀನೇ ದಿನಾ ಅಳಿಸಿ, ಮೇಲೆ ರಂಗೋಲಿ ಬೇರೆ ಹಾಕ್ತಿದ್ದೆ.”

ಮದುವೆಯಾದಾಗಿನಿಂದ ನನ್ನ ಅಂಗಳವನ್ನು ಹೊಗಳದವರಿಲ್ಲ. ಅದರ ಬಗ್ಗೆ ಒಂದು ದೂರು ಬಂದರೆ ಅದೂ ಹೀಗೆ ನ್ಯಾಯವಾಗಿ ಬರಬೇಕೇ.

ಸೆಲ್ವಣ್ಣನಿಗೆ ಫೋನ್ ಹೋಯಿತು. ಎಂಜಿನ್ ಮುಟ್ಟಬೇಡಿ, ತಣ್ಣಗಿರುವಾಗಲೇ ನೋಡಬೇಕು ಎಂದು ಹೇಳಿ, ಮರುದಿನ ಬೆಳಗಾಗುತ್ತಲೇ ಬೈಕಿನಲ್ಲಿ ಬಂದಿಳಿದ. ಜೀಪಿನ ಕೆಳಗೆ ಗೋಣಿಚೀಲ ಹಾಸಿಕೊಂಡು ನುಸುಳಿದವನು ಒಳಗಿನಿಂದಲೇ ನಗಲು ಶುರು ಮಾಡಿದ. ರೇಡಿಯೇಟರಿನ ತಳದಲ್ಲಿ ಕೂಡುವ ರಬ್ಬರ್ ಪೈಪು ಹಳೆಯದಾಗಿ ಗಟ್ಟಿಯಾಗಿತ್ತು, ಅದನ್ನು ಬಿಗಿದಿದ್ದ ಕಬ್ಬಿಣದ ಪಟ್ಟಿ ಸಡಿಲವಾಗಿತ್ತು. ರಾತ್ರಿಯ ಚಳಿಗೆ ಪೈಪು ಮುದುಡಿಕೊಂಡು ಸಂದಿಯಲ್ಲಿ ತೊಟ್ಟಿಕ್ಕುತ್ತದೆ. ಜೀಪು ಓಡಿ ಬಿಸಿಯಾದರೆ ಉಬ್ಬಿ ತಾನೇ ಬಿಗಿಯಾಗುತ್ತದೆ.

“ನನ್ ಶೆಡ್ಡಿಗೆ ಬರೋ ಹೊತ್ತಿಗೆ ಬಿಸಿಯಾಗಿ, ಸಂಭಾವಿತನ ಥರ ಬಾಯಿ ಮುಚ್ಕೊಂಡು ನಿಲ್ತಿತ್ತಕ್ಕ ಇದು. ಇಲ್ಲಿ ನೋಡಿದ್ರೆ ನೀವು ತೊಳೆದು ಬಿಡ್ತೀರ. ಇಬ್ರೂ ಸೇರಿ ನನ್ನನ್ನ ದಡ್ಡ ಮಾಡಿದ್ರಿ.”

“ಒಳಗೇ ಹೋಗ್ಬೇಕು ಅಂದೋರು ಯಾರಪ್ಪ?” ಎಂದರು ಇವರು.

“ಅದೂ ಸರಿನೇ ಸಾರ್. ತಣ್ಣಗಿದ್ದಾಗ ಒಂದ್ಸಲ ನೋಡ್ಬೇಕಿತ್ತು ನಾನು” ಎಂದು ಸೆಲ್ವಣ್ಣ ತಲೆ ಕೆರೆದುಕೊಂಡ. ಹೊಸ ಪೈಪು, ಹೊಸ ಪಟ್ಟಿ ಹಾಕಿ, ಕೂಲೆಂಟ್ ತುಂಬಿ, ಒಳಗೆ ಗಾಳಿ ಉಳಿಯದ ಹಾಗೆ ಎಂಜಿನ್ ಓಡಿಸಿ ನೋಡಿ, ಅವಲಕ್ಕಿ ತಿಂದು ಹೋದ. ಎಂಜಿನ್ನಿನ ತಲೆ ಅದರ ಮೈಮೇಲೇ ಉಳಿಯಿತು. ಗುಜರಿಯವನು ಫೋನ್ ಮಾಡಿದಾಗ ಇವರು, “ಅದು ಮನೆ ಗಾಡಿ ಕಣಪ್ಪ, ಕೊಡಲ್ಲ” ಎಂದರು.

ನಾನು ಆಮೇಲೆ ಬಹಳ ಯೋಚಿಸಿದೆ. ದೀಪ ಹಚ್ಚಿ, ಪ್ರದಕ್ಷಿಣೆ ಹಾಕಿ ಕೇಳಿದಾಗ ಸಿಗದ ಉತ್ತರ, ದೇವರ ಬಾಗಿಲು ಹಾಕಿ ಕೈ ಕಟ್ಟಿ ಕೂತಾಗ ಅಂಗಳದಲ್ಲೇ ಬಿದ್ದಿತ್ತು. ಹಾಗೆಂದು ಪೂಜೆ ಬೇಡ ಎನ್ನುವ ಹೆಂಗಸು ನಾನಲ್ಲ. ದೊಡ್ಡಪ್ಪ ಬದುಕಿದ್ದಾಗ ನಮ್ಮ ಮನೆಗೆ ಬಂದರೆ ಹೊಸ್ತಿಲಲ್ಲಿ ನಿಂತು, “ಅಂಗಳ ಕನ್ನಡಿ ಇದ್ದ ಹಾಗಿದೆಯಲ್ಲೇ” ಎನ್ನುತ್ತಿದ್ದರು. ಹೋಗುವಾಗಲೂ ಒಂದು ಉಪಕಾರ ಮಾಡಿ ಹೋದರು ಎಂದುಕೊಂಡು ಅವರ ಹೆಸರಿನಲ್ಲಿ ಕೈ ಮುಗಿದೆ.

ಸೂತಕ ಕಳೆದ ಮರುದಿನ ಗುರುವಾರ. ಡಬ್ಬಿಯ ಹೂಬತ್ತಿಗಳು ದೇವರ ಮುಂದೆ ಉರಿದವು. ಬಕೆಟ್, ಪೊರಕೆ ಹಿಡಿದು ಹೊರಗೆ ಬಂದವಳು ನೀರು ಸುರಿಯುವ ಮೊದಲು ಟಾರ್ಚ್ ಹಾಕಿ, ಮಂಡಿಯೂರಿ, ಜೀಪಿನ ಮೂತಿಯ ಕೆಳಗೆ ಅಂಗೈ ಆಡಿಸಿದೆ. ಎದುರು ಮನೆಯ ಶಾರದಮ್ಮ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಂದವರು ನಿಂತು ನೋಡಿದರು.

“ಏನ್ರೀ ಇದು, ಜೀಪಿಗೂ ಸಾಷ್ಟಾಂಗ ಶುರು ಮಾಡಿದ್ರಾ?”

“ಹೂಂ ರೀ, ಇದೊಂದು ಬಾಕಿ ಇತ್ತು” ಎಂದೆ.

ಅಂಗೈ ಒಣಗಿತ್ತು. ಇಷ್ಟು ವರ್ಷ ತೊಳೆದು ನೋಡುತ್ತಿದ್ದೆ, ಈಗ ನೋಡಿ ತೊಳೆಯುತ್ತೇನೆ, ವ್ಯತ್ಯಾಸ ಇಷ್ಟೇ. ಒಳಗೆ ಇವರು ಜೀಪಿನ ಕೀಲಿ ಹುಡುಕುತ್ತಿದ್ದರು, ಭದ್ರಾವತಿಗೆ ಹೊರಡುವ ಹೊತ್ತಾಗಿತ್ತು. ನಾನು ಬಕೆಟ್ ಎತ್ತಿ ನೀರು ಸುರಿದು ಗುಡಿಸಿದೆ. ಆಮೇಲೆ ರಂಗೋಲಿ ಡಬ್ಬಿ ತೆಗೆದುಕೊಂಡು, ಮಧ್ಯಾಹ್ನ ಸುಮಿತ್ರಾಳ ಹಲಗೆ ಇಳಿಯುವಷ್ಟು ಜಾಗ ಬಿಟ್ಟು, ಚುಕ್ಕಿ ಇಡಲು ಕೂತೆ.