ಬ್ಯಾಂಡ್ ಮಾಸ್ಟರರ ಹೊಸ ಕೋಟು

ನಾಳೆ ಊರಿನ ನೂರನೇ ವರ್ಷದ ಮೆರವಣಿಗೆ. ನಡುರಸ್ತೆಯಲ್ಲಿ ಬ್ಯಾಂಡ್ ಮಾಸ್ಟರರ ಕೋಟಿನ ಗುಂಡಿ ಕಿತ್ತು ಹಾರಿದರೆ ಏನು ಗತಿ ಎಂಬ ಚಿಂತೆ ಸೊಸೆಯನ್ನು ಬಿಡಲೊಲ್ಲದು. ಕೋಟು ಹೊಲಿದವರು ಅವಳ ಅತ್ತೆ. ಮದುವೆಯಾಗಿ ಬಂದಾಗಿನಿಂದ ಊರಿನಷ್ಟೇ ಹಳೆಯದಾದ ಆ ಬ್ಯಾಂಡಿಗೆ ಅವರೇ ದರ್ಜಿ. ವಾದ್ಯ ಮಾರಿಕೊಂಡವರಿದ್ದಾರೆ, ಅತ್ತೆ ಹೊಲಿದ ಕೋಟು ಬಿಟ್ಟುಕೊಟ್ಟವರಿಲ್ಲ. ಆದರೆ ಅವರು ಬಟ್ಟೆ ಕತ್ತರಿಸುವುದು ಗೋಡೆಗೆ ನೇತುಹಾಕಿದ ಹಳೇ ಕಾಗದದ ಅಚ್ಚಿಟ್ಟು. ಮಾಸ್ಟರರ ಅಚ್ಚು ಅವರು ಮದುಮಗನಾಗಿದ್ದ ಕಾಲದ್ದು!

"ಅತ್ತೆ, ಈಗ ಅವರಿಗಿಂತ ಮೊದಲು ಅವರ ಹೊಟ್ಟೆ ಬಾಗಿಲಿಗೆ ಬರುತ್ತೆ. ಒಂದ್ಸಲ ಅಳತೆ ತಗೊಳ್ಳಿ."

"ಮಗು ಸೀನಿದ್ರೂ ಡಾಕ್ಟರ ಹತ್ರ ಓಡೋಳು ನೀನು! ನಾನು ಯಾರನ್ನೂ ಎರಡನೇ ಸಲ ಅಳೆದಿಲ್ಲ ಕಣೇ."

ಸೊಸೆ ಗಂಡನ ಹೊಟ್ಟೆಗೆ ದಿಂಬು ಕಟ್ಟಿ ಕೋಟು ತೊಡಿಸಿದಳು. "ಕಹಳೆ ಊದೋ ಹಾಗೆ ಮಾಡಿ ನೋಡೋಣ" ಎಂದಳು. ಅವನು ಉಸಿರು ಎಳೆದದ್ದೇ ತಡ, ಗುಂಡಿ ಪಟ್ಟಂತ ಹಾರಿ ಮಗುವಿನ ಪಕ್ಕ ಬಿತ್ತು. ಅದು ಬಾಯಿಗೆ ಹೋಗುವ ಮೊದಲೇ ಸೊಸೆ ಕಸಿದುಕೊಂಡಳು.

ಅತ್ತೆ ನಗು ತಡೆಯಲಾರದೆ ಸ್ಟೂಲಿನ ಮೇಲೆ ಕುಸಿದರು. "ಒಳಗೆ ಬಟ್ಟೆ ಬಿಟ್ಟಿದೀನಿ, ಬಿಚ್ಚಿ ಹೊಲಿದ್ರಾಯ್ತು. ಆದ್ರೆ ಯಾವ ಮುಖ ಇಟ್ಕೊಂಡು ಮಾಸ್ಟರನ್ನ ಅಳತೆಗೆ ಕರೀಲಿ? ನೀನೇ ಫೋನ್ ಮಾಡಮ್ಮ."

ಸೊಸೆ ಕಾಯಲಿಲ್ಲ.

"ಮಾಸ್ಟರೇ, ಕೋಟು ಹಾಕಿ ನೋಡೋಕೆ ಬನ್ನಿ. ಹೊಟ್ಟೆ ತುಂಬ ಊಟ ಮಾಡ್ಕೊಂಡೇ ಬನ್ನಿ!"