ಒಂಬತ್ತನೇ ಬೆಡ್ಡಿನ ಕುರ್ಚಿ

ಆ ವಾರ್ಡಿನಲ್ಲಿ ನರ್ಸ್ ಸೂಜಿಯಕ್ಕನ ಬಾಯಿಂದ ತಪ್ಪಿಸಿಕೊಂಡವರು ಯಾರೂ ಇಲ್ಲ. ಕರೆದಾಗಲೆಲ್ಲ ‘ಈಗ ಬಂದೆ’ ಎಂದು ಹೇಳಿ ಎರಡು ಗಂಟೆ ಬಿಟ್ಟು ತಲೆ ಹಾಕುವವರು ‘ಈಗ್ಬಂದೆ ಡಾಕ್ಟ್ರು’. ಕಿರುಗುಟ್ಟುವ ಔಷಧಿ ಟ್ರಾಲಿ ‘ಅಳುಬುರುಕಿ’. ಯಾರಿಗಾದರೂ ಡಿಸ್ಚಾರ್ಜ್ ಆದರೆ ‘ರೆಕ್ಕೆ ಬಂತು’. ರೋಗಿಗಳಿಗೆ ತಿಳಿಯದಂತೆ ನರ್ಸುಗಳು ಆಡಿಕೊಳ್ಳುವ ಈ ಭಾಷೆಯನ್ನು ಮೂವತ್ತೆರಡು ವರ್ಷ ನಿಂತ ಕಾಲಲ್ಲೇ ಕಟ್ಟಿದವಳು ಅವಳು. ಅವಳಿಗೆ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಕೈ ಹಗುರ, ನಾಲಿಗೆ ಚೂಪು, ಹೆಸರು ಅಂಟಿಕೊಂಡಿತು.

ಅವಳ ಮಾತುಗಳಲ್ಲಿ ನಗು ಬಾರದ್ದು ಒಂದೇ, ‘ಖಾಲಿ ಕುರ್ಚಿ’. ನೋಡಲು ಯಾರೂ ಬಾರದ ರೋಗಿಗೆ ಆ ಹೆಸರು. ಮಧ್ಯಾಹ್ನ ಎರಡಕ್ಕೆ ಡ್ಯೂಟಿ ಬದಲಾಗುವಾಗ, ಹೋಗುವವರು ಬರುವವರಿಗೆ “ಐದು, ಖಾಲಿ ಕುರ್ಚಿ” ಎಂದರೆ, ಹೇಗಾದರೂ ಬಿಡುವು ಮಾಡಿಕೊಂಡು ಐದನೇ ಬೆಡ್ಡಿನ ಹತ್ತಿರ ಎರಡು ನಿಮಿಷ ಕೂತು ಬಾ ಎಂದರ್ಥ. ಕೂರುವುದಕ್ಕೂ ಅವಳದೇ ಪಾಠ.

“ಪಾಪ ಅಂತ ಬಂದಿದೀವಿ ಅಂತ ತೋರಿಸ್ಕೋಬೇಡ್ರೇ. ‘ಕಾಲು ನೋಯ್ತಿದೆ, ಸ್ವಲ್ಪ ಕೂರ್ತೀನಿ’ ಅನ್ನಿ. ಕುರ್ಚಿ ಮೇಲೆ ಬ್ಯಾಗು, ಶಾಲು ಇದ್ರೆ ಮೋಸ ಹೋಗ್ಬೇಡಿ. ಯಾರೂ ಇಲ್ದೋರೇ ಹಾಗೆ ಇಟ್ಕೊಳ್ಳೋದು.”

ಒಬ್ಬ ಮುದುಕನಿದ್ದ. ನಿಮಿಷಕ್ಕೊಮ್ಮೆ ಗಂಟೆ ಒತ್ತುತ್ತಿದ್ದುದರಿಂದ ಅವನು ‘ಗಂಟೆ ತಾತ’. ಸೂಜಿಯಕ್ಕ ಕಾಲುನೋವಿನ ನೆಪ ಹೇಳಿ ಕೂತಾಗಲೆಲ್ಲ ಅವನದು ಒಂದೇ ಮಾತು: “ಕೂತ್ಕೊಳ್ಳಮ್ಮ, ಎಷ್ಟಂತ ಓಡಾಡ್ತೀಯ.” ಮುದುಕ ನಂಬಿಬಿಟ್ಟ ಎಂದು ಅವಳು ಒಳಗೊಳಗೇ ಬೀಗುತ್ತಿದ್ದಳು.

ನಿವೃತ್ತಿಯಾದ ಮರುವರ್ಷ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟ ಮುರಿದುಕೊಂಡು, ಅದೇ ವಾರ್ಡಿನ ಒಂಬತ್ತನೇ ಬೆಡ್ಡಿಗೆ ಬಂದಳು. ಮದುವೆಯಾದವಳಲ್ಲ. ತಂಗಿಯನ್ನು ಓದಿಸಿ ದಡ ಸೇರಿಸುವಷ್ಟರಲ್ಲಿ ವಯಸ್ಸು ಮೀರಿತ್ತು. “ನನ್ ತಂಗಿ ಬರ್ತಾಳೆ” ಎಂದು ಬಂದ ದಿನವೇ ಕಸ ಗುಡಿಸುವವಳಿಂದ ಹಿಡಿದು ಡಾಕ್ಟರರವರೆಗೆ ಎಲ್ಲರಿಗೂ ಸಾರಿದಳು. ತಾನೇ ಹುಟ್ಟಿಸಿದ ‘ಖಾಲಿ ಕುರ್ಚಿ’ ಎಂಬ ಮಾತು ತನ್ನ ಬೆಡ್ಡಿಗೆ ಬೀಳದಿದ್ದರೆ ಸಾಕಿತ್ತು ಅವಳಿಗೆ.

ನಾಲ್ಕನೆಯ ದಿನ ತಂಗಿಯ ಫೋನು ಬಂತು. “ಮೊಮ್ಮಗಳಿಗೆ ಪರೀಕ್ಷೆ ಕಣಕ್ಕ. ಮುಂದಿನ ವಾರ ಖಂಡಿತ ಬರ್ತೀನಿ.”

“ಪರೀಕ್ಷೆ ಮುಗೀಲಿ ಬಿಡೇ. ನಾನೇನು ಎದ್ದು ಓಡಿಹೋಗ್ತೀನಾ?” ಎಂದು ನಕ್ಕಳು. ಫೋನಿಟ್ಟ ಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ಅತ್ತಳು. ಆಮೇಲೆ ಆಯಾಳನ್ನು ಕರೆದು, ಬೀರುವಿನಲ್ಲಿದ್ದ ಬ್ಯಾಗನ್ನೂ ಶಾಲನ್ನೂ ಕುರ್ಚಿಯ ಮೇಲೆ ಇಡಲು ಹೇಳಿದಳು. ಹೇಳುವಾಗ ನಾಚಿಕೆಯಾಯಿತು. ಆದರೂ ಹೇಳಿದಳು.

ಎರಡು ಗಂಟೆಗೆ ಕಣ್ಣು ಮುಚ್ಚಿಕೊಂಡು, ಕಿವಿ ತೆರೆದು ಮಲಗಿದ್ದಳು.

“ಎಂಟು, ನಾಳೆ ರೆಕ್ಕೆ. ಒಂಬತ್ತು…” ಹೇಳುತ್ತಿದ್ದ ನರ್ಸು ತಡವರಿಸಿದಳು. ಆಮೇಲೆ ದನಿ ತಗ್ಗಿಸಿ, “ಒಂಬತ್ತು, ಖಾಲಿ ಕುರ್ಚಿ” ಎಂದಳು.

ಸೊಂಟ ಮುರಿದಾಗಲೂ ಅಷ್ಟು ನೋವಾಗಿರಲಿಲ್ಲ.

ಮೂರೂವರೆಗೆ ಬಿರುಗಾಳಿ ಬಂದಳು. ಒಂದು ಕಡೆ ನಿಲ್ಲದ ಆ ಎಳೆಯ ನರ್ಸಿಗೆ ಹಾಗೆ ಹೆಸರಿಟ್ಟವಳೂ ಸೂಜಿಯಕ್ಕನೇ. ಬ್ಯಾಗನ್ನು ಮಂಚದ ಸರಳಿಗೆ ತೂಗುಹಾಕಿ, ಶಾಲನ್ನು ಮಡಿಸಿ ಕಾಲ್ದೆಸೆಯಲ್ಲಿಟ್ಟು, ಕುರ್ಚಿ ಎಳೆದುಕೊಂಡಳು.

“ಕಾಲು ನೋಯ್ತಿದೆ ಅಕ್ಕ, ಸ್ವಲ್ಪ ಕೂರ್ತೀನಿ.”

ಗಂಟೆ ತಾತನಿಗೆ ಎಲ್ಲ ಗೊತ್ತಿತ್ತು ಎಂದು ಸೂಜಿಯಕ್ಕನಿಗೆ ಹೊಳೆದದ್ದು ಆಗ. ನಾನು ಹೇಳಿಕೊಟ್ಟ ಪಾಠ ನನಗೇ ಒಪ್ಪಿಸ್ತೀಯೇನೇ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಹಾಗಂದರೆ ಹುಡುಗಿ ಎದ್ದು ಹೋದಾಳು.

“ಕೂತ್ಕೊಳ್ಳೇ,” ಎಂದಳು. “ಎಷ್ಟಂತ ಓಡಾಡ್ತೀಯ.”