ಕುಸುಬಿ ಎಣ್ಣೆ ತಿಕ್ಕಿಸಿಕೊಂಡ ಬಾತುಕೋಳಿ

ಕಾಯಿಸಿದ ಕುಸುಬಿ ಎಣ್ಣೆಗೆ ಒಂದು ಚಿಟಿಕೆ ಅರಿಶಿಣ ಬಿದ್ದಾಗ ಏಳುವ ವಾಸನೆ ನಿಮಗೆ ಗೊತ್ತಿರಬೇಕು. ಸ್ವಲ್ಪ ಕಹಿ, ಸ್ವಲ್ಪ ಹುರಿದ ಕಾಳಿನಂಥದು, ಕೈಗೆ ಹತ್ತಿದರೆ ಸಂಜೆಯವರೆಗೆ ಬಿಡುವುದಿಲ್ಲ. ಇಂಡಿ ಪಟ್ಟಣದ ನಮ್ಮ ಮನೆಯಲ್ಲಿ ಈಗ ದಿನಾ ಮುಂಜಾನೆ ಅದೇ ವಾಸನೆ. ಮೊಮ್ಮಗಳು ಹುಟ್ಟಿದ್ದಾಳೆ. ಎಷ್ಟು ಜನಕ್ಕೆ ಹೇಳಿದರೂ ನನಗೆ ಸಾಲದು. ಹಾಲು ಹಾಕುವವನಿಗೆ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಣ್ಣುಮಗಳಿಗೆ ಹೇಳಿದೆ, ಈಗ ನಿಮಗೂ ಹೇಳುತ್ತಿದ್ದೇನೆ. ಚಾಚಿದ ಕಾಲುಗಳ ಮೇಲೆ ಅವಳನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುವಾಗ ಅವಳು ತುಟಿ ಮುಂದೆ ಮಾಡಿ ಏನೋ ಯೋಚನೆ ಮಾಡುತ್ತಾಳೆ. ನಿನ್ನೆ ಹಾಗೆ ತಿಕ್ಕುತ್ತಿರುವಾಗ ನನ್ನ ಬೆರಳುಗಳಿಗೆ ಇದ್ದಕ್ಕಿದ್ದಂತೆ ಒಂದು ಬಾತುಕೋಳಿಯ ನೆನಪಾಯಿತು. ನಗಬೇಡಿ. ಎಣ್ಣೆ ತಿಕ್ಕುವುದನ್ನು ನಾನು ಮೊದಲು ಕಲಿತದ್ದು ಕೂಸಿನ ಮೈಮೇಲಲ್ಲ, ಬಾತುಕೋಳಿಯ ಮೈಮೇಲೆ.

ನಮ್ಮೂರು ಮುದ್ದೇಬಿಹಾಳದ ಕಡೆ, ಕೃಷ್ಣಾ ಹೊಳೆಯ ದಂಡೆಗಿತ್ತು. ಮಣ್ಣಿನ ಮಾಳಿಗೆಯ ಮನೆ, ಹಿಂದೆ ಹಿತ್ತಲು, ಹಿತ್ತಲಲ್ಲಿ ಬೇವಿನ ಗಿಡ, ಅದರ ಬುಡಕ್ಕೆ ಎಮ್ಮೆಗೆ ನೀರು ಕುಡಿಸುವ ಕಲ್ಲಿನ ಬಾನಿ. ಅಪ್ಪ ನೆಲಕ್ಕೆ ಹಾಸುವ ಪರಸಿಕಲ್ಲಿನ ಖಣಿಯಲ್ಲಿ ಕಲ್ಲು ಸೀಳುತ್ತಿದ್ದ, ಅವ್ವ ಹೊಲದ ಕೂಲಿಗೆ ಹೋಗುತ್ತಿದ್ದಳು. ಹಗಲೆಲ್ಲ ನನ್ನ ಜೊತೆ ಇರುತ್ತಿದ್ದವಳು ಆಯಿ, ಅಪ್ಪನ ತಾಯಿ. ಊರಿನ ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ತಿಕ್ಕಿ ನೀರು ಎರೆಯುವುದು ಅವಳ ಕೆಲಸ. ಸಾಬರ ಮನೆ, ಲಿಂಗಾಯತರ ಮನೆ ಎಂಬ ಭೇದವಿಲ್ಲದೆ ಎಲ್ಲರೂ ಅವಳ ಕಾಲ ಮೇಲೆ ಮಲಗಿ ಅತ್ತವರೇ. ಎಂಥ ಗತ್ತಿನ ಗಂಡಸು ಎದುರಿಗೆ ಬಂದರೂ ಆಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮುಗುಳ್ನಗುತ್ತಿದ್ದಳು, ಅವನು ತಲೆ ತಗ್ಗಿಸಿ ಹೋಗುತ್ತಿದ್ದ.

ಆಯಿ ತವರಿನಿಂದ ಬಾತುಕೋಳಿ ಮರಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದಳಂತೆ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಹಿತ್ತಲು ತುಂಬ ಅವುಗಳದೇ ರಾಜ್ಯ. ಬಾನಿಯ ನೀರನ್ನೆಲ್ಲ ಕಲಕಿ ಇಡುತ್ತಿದ್ದವು, ಎಮ್ಮೆ ಮೂಗು ತಿರುಗಿಸುತ್ತಿತ್ತು, ಅವ್ವ ಬೈಯುತ್ತಿದ್ದಳು. ಅವುಗಳಲ್ಲಿ ಬಿಳಿ ಬಣ್ಣದ್ದೊಂದು ಸೊಂಟ ತಿರುವುತ್ತ, ಯಾರಿಗೂ ದಾರಿ ಬಿಡದೆ ಎಲ್ಲಕ್ಕಿಂತ ಮುಂದೆ ನಡೆಯುತ್ತಿತ್ತು. ಆಯಿ ಅದಕ್ಕೆ ಗೌಡ್ತಿ ಎಂದು ಹೆಸರಿಟ್ಟಿದ್ದಳು. ಸಂಜೆ ನುಚ್ಚು ಹಾಕುವಾಗ ಸಣ್ಣ ದನಿಯಲ್ಲಿ ರಾಗ ಎಳೆದು ಅದನ್ನು ಕರೆಯುತ್ತಿದ್ದಳು. ಪಕ್ಕದ ಮನೆಯ ನೀಲವ್ವ ಬೇಲಿಯಾಚೆಯಿಂದ, "ಖರೇ ಗೌಡ್ತಿ ಕೇಳಿಸ್ಕೊಂಡ್ರ ನಿನ್ನ ಊರ ಬಿಡಸ್ತಾಳ ನೋಡ ಬೂಬವ್ವಾ" ಎಂದರೆ, ಆಯಿ, "ಆಕಿಗೂ ನಾನ ಎರದೇನಿ ತಗೋ, ನಡಗಿ ಒಂದ ಐತಿ" ಎನ್ನುತ್ತಿದ್ದಳು.

ಅವನ್ನು ಕಾಯುವುದು ಸುಲಭದ ಕೆಲಸವಾಗಿರಲಿಲ್ಲ. ಮರಿಗಳ ಮೇಲೆ ಹದ್ದಿನ ಕಣ್ಣು. ಒಡೆದ ಕನ್ನಡಿಯ ಚೂರುಗಳನ್ನು ದಾರಕ್ಕೆ ಕಟ್ಟಿ ಆಯಿ ಬೇವಿನ ಟೊಂಗೆಗೆ ಇಳಿಬಿಟ್ಟಿದ್ದಳು. ಗಾಳಿಗೆ ಅವು ತಿರುಗಿ ಬಿಸಿಲು ಚಿಮ್ಮಿಸಿದಾಗ ಹದ್ದು ಕೆಳಗಿಳಿಯಲು ಅಂಜುತ್ತಿತ್ತು. ನಾಯಿಗಳಿಗೆ ಜಾಲಿ ಮುಳ್ಳಿನ ಬೇಲಿ. ಆದರೆ ಮುಂಗುಸಿಗೆ ಏನು ಮಾಡುವುದು? ಅದು ಬೇಲಿ ಹಾರುವುದಿಲ್ಲ, ಬೇಲಿಯ ಕೆಳಗೆ ಮಣ್ಣು ಕೆದರಿ, ಹಾಡುಹಗಲೇ ಮನೆಯವರಂತೆ ಬರುತ್ತದೆ. ಆ ವರ್ಷ ಬೇಸಿಗೆಯಲ್ಲಿ ಒಂದಾದ ಮೇಲೆ ಒಂದು ಬಾತುಕೋಳಿ ಕಾಣೆಯಾಗತೊಡಗಿತು. ಕೊನೆಗೆ ಅಪ್ಪನಿಗೆ ಬೇಸರ ಬಂತು. "ಬೇ, ಇನ್ನೊಂದಕ್ಕ ಏನರ ಆತಂದ್ರ ಉಳದಾವನ್ನೆಲ್ಲಾ ಬಾಗೇವಾಡಿ ಸಂತಿಗೆ ಒಯ್ತೇನಿ. ಮುಂಗುಸಿಗೆ ಊಟಕ್ಕ ಹಾಕಾಕ ನಾ ಕಲ್ಲ ಒಡ್ಯಾಕತ್ತೇನೇನು?" ಎಂದ. ಆಯಿ ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಡದೆ, "ಒಯ್ಯಪಾ. ನನ್ನೂ ಅದ ಬುಟ್ಯಾಗ ಕುಂದರಿಸ್ಕೊಂಡ ಹೋಗು, ಯಾರರ ಕೊಂಡಾರು" ಎಂದಳು. ಆದರೆ ಅಪ್ಪ ಹೊರಗೆ ಹೋದ ಮೇಲೆ ಅವಳ ಕೈ ನಿಂತಿತು. ಹಿತ್ತಲು ಬರಿದಾದರೆ ಅವಳಿಗೆ ತವರಿನದು ಅಂತ ಏನೂ ಉಳಿಯುತ್ತಿರಲಿಲ್ಲ.

ಅಪ್ಪ ಹೇಳಿದ ವಾರವೇ ಹಾಗಾಯಿತು. ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಹರಿದಂಥ ಸದ್ದು, ಅದರ ಬೆನ್ನಿಗೇ ಒಂದು ಕಿರುಚು. ಓಡಿ ಹೋದರೆ ಗೌಡ್ತಿ ನೆಲಕ್ಕೆ ಬಡಿದಾಡುತ್ತಿದ್ದಾಳೆ, ಮುಂಗುಸಿ ಅವಳ ಕಾಲು ಕಚ್ಚಿ ಬೇಲಿಯ ಕಡೆ ಎಳೆಯುತ್ತಿದೆ. ಆಯಿ ಕೈಯಲ್ಲಿದ್ದ ತುಂಬಿದ ತಂಬಿಗೆಯನ್ನೇ ಬೀಸಿ ಒಗೆದಳು. ಮುಂಗುಸಿ ಹೋಯಿತು, ಗೌಡ್ತಿ ಉಳಿದಳು. ಒಂದು ಕಾಲು ಜೋತುಬಿದ್ದಿತ್ತು, ರೆಕ್ಕೆಯ ಕೆಳಗೆ ಹರಿದಿತ್ತು. ಆಯಿ ಅವಳನ್ನು ಸೀರೆಯ ತುಂಡಿನಲ್ಲಿ ಸುತ್ತಿ, ಕಣ್ಣಿಗೆ ಕತ್ತಲೆಯಾದರೆ ಹಕ್ಕಿಯ ಎದೆಬಡಿತ ಇಳಿಯುತ್ತದೆಂದು ತಲೆಯ ಮೇಲೆ ಸೆರಗು ಹಾಕಿದಳು. ಬೇವಿನ ಎಲೆ ಕುದಿಸಿದ ನೀರಿನಿಂದ ಗಾಯ ತೊಳೆದಳು. ಒಣಗಿದ ಜೋಳದ ದಂಟನ್ನು ಸೀಳಿ, ಕಾಲಿನ ಎರಡೂ ಕಡೆ ಇಟ್ಟು, ಹಳೆ ಧೋತರದ ಪಟ್ಟಿಯಿಂದ ಬಿಗಿಯದಂತೆ ಸುತ್ತಿದಳು. ಇಲ್ಲಿಯವರೆಗೆ ಎಲ್ಲ ಸರಿ ಇತ್ತು. ಆಮೇಲೆ ಒಲೆಯ ಮೇಲೆ ಕುಸುಬಿ ಎಣ್ಣೆ ಇಟ್ಟಳು.

ಅವಳಿಗೆ ಗೊತ್ತಿದ್ದ ಔಷಧ ಅದೊಂದೇ. ನೊಂದ ಮೈ ಯಾವುದೇ ಇರಲಿ, ಎಣ್ಣೆ ತಿಕ್ಕಬೇಕು. ದಿನಾ ಮುಂಜಾನೆ ಗೌಡ್ತಿಯನ್ನು ಕಾಲ ಮೇಲೆ ಮಲಗಿಸಿಕೊಂಡು ಕುತ್ತಿಗೆಯಿಂದ ಬಾಲದವರೆಗೆ ತಿಕ್ಕುತ್ತಿದ್ದಳು. ನನ್ನ ಕೈ ಹಿಡಿದು, "ಪುಕ್ಕದ ಗುಂಟ ಹೋಗು ಮಾಬೂ, ಎದರ ಹೋಗಬ್ಯಾಡ" ಎಂದು ಕಲಿಸುತ್ತಿದ್ದಳು. ಗೌಡ್ತಿ ಹಳದಿಯಾಗಿ ಮಿರಮಿರ ಮಿಂಚುತ್ತಿದ್ದಳು. ನೀಲವ್ವ ಬಂದು ನೋಡಿ, "ಏನಬೇ, ಗೌಡ್ತಿ ಹಡದಾಳೇನು? ಗಂಡೋ ಹೆಣ್ಣೋ?" ಎಂದಳು. ಅಪ್ಪ ನಗಲಿಲ್ಲ. "ಕುಂಟ ಹಕ್ಕಿ ಇಟ್ಕೊಂಡ ಏನ್ ಮಾಡ್ತಿ? ಬರೂ ಅಮಾಸಿ ಕಳದ ಮ್ಯಾಲಿನ ಸಂತ್ಯಾಗ ಮಾರೂದ. ಅಷ್ಟೊತ್ತಿಗೆ ತಾನ ನೀರಾಗ ಈಜಿದ್ರ ಇರಲಿ, ಇಲ್ಲಂದ್ರ ಎಲ್ಲಾ ಕೂಡೆ ಹೊಕ್ಕಾವು" ಎಂದ.

ಕಾಲು ಕೂಡಿತು. ಪಟ್ಟಿ ಬಿಚ್ಚಿ, ಹಿಗ್ಗಿನಿಂದ ಗೌಡ್ತಿಯನ್ನು ಬಾನಿಗೆ ಬಿಟ್ಟೆವು. ಬಿಟ್ಟ ಕೂಡಲೇ ಅವಳ ಬಾಲ ಕೆಳಗಾಯಿತು, ಬೆನ್ನು ಮುಳುಗಿತು, ಕುತ್ತಿಗೆ ಮಾತ್ರ ಮೇಲುಳಿದು ಎರಡೂ ಕಣ್ಣು ನಮ್ಮನ್ನೇ ನೋಡತೊಡಗಿದವು. ಎತ್ತಿ ಹೊರಗೆ ತೆಗೆದರೆ ತೊಯ್ದ ಕೌದಿಯಷ್ಟು ಭಾರ, ಗಡಗಡ ನಡುಕ. ಅಪ್ಪ ಬಾಗಿಲಲ್ಲಿ ನಿಂತಿದ್ದ. "ಬಾತುಕೋಳಿ ಮುಳಗೂದು ನಾ ಎಲ್ಲೂ ಕೇಳಿಲ್ಲ ಬೇ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಖರೇನೇ ಆಶ್ಚರ್ಯವಿತ್ತು.

ನಮಗೂ ಅದೇ ಆಶ್ಚರ್ಯ. ಗೌಡ್ತಿಯನ್ನು ಒಲೆಯ ಹತ್ತಿರ ಬುಟ್ಟಿಯಲ್ಲಿಟ್ಟು, ಆಯಿ ಮತ್ತು ನಾನು ಬಾನಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಉಳಿದವುಗಳನ್ನು ನೋಡತೊಡಗಿದೆವು. ಅಷ್ಟು ವರ್ಷ ಸಾಕಿದರೂ ನಾವು ಅವುಗಳನ್ನು ಹಾಗೆ ನೋಡಿರಲಿಲ್ಲ. ಬೆನ್ನ ಮೇಲೆ ನೀರು ಸುರಿದರೆ ಮಣಿಮಣಿಯಾಗಿ ಉರುಳಿ ಬೀಳುತ್ತಿತ್ತು, ಒಳಗಿನ ತುಪ್ಪಳ ಒಣಗಿದಂತೆಯೇ ಇರುತ್ತಿತ್ತು. ಯಾಕೆ ಹಾಗೆ? ಒಂದು ಹೆಣ್ಣು ಬಾತುಕೋಳಿ ನೀರಿನಿಂದ ಮೇಲೆ ಬಂದು, ಕತ್ತು ಹಿಂದೆ ಹೊರಳಿಸಿ, ಬಾಲದ ಬುಡದಲ್ಲಿ ಕೊಕ್ಕು ತಿಕ್ಕಿ, ಅದೇ ಕೊಕ್ಕನ್ನು ಮೈತುಂಬ ಎಳೆಯಿತು. ಮತ್ತೆ ಬಾಲದ ಬುಡ, ಮತ್ತೆ ಮೈ. "ಆಯಿ, ಅಲ್ಲೇನೈತಿ ಬೇ?" ಎಂದೆ. ಆಯಿ ಅದನ್ನು ಹಿಡಿದು, ಬಾಲದ ಬುಡದ ಪುಕ್ಕ ಸರಿಸಿ, ಅಲ್ಲಿದ್ದ ಸಣ್ಣ ಗಂಟಿನ ಮೇಲೆ ಬೆರಳು ಒತ್ತಿ, ಬೆರಳನ್ನು ಮೂಗಿಗೆ ಹಿಡಿದಳು. ಆಮೇಲೆ ನನ್ನ ಮೂಗಿಗೆ ಹಿಡಿದಳು. ಜಿಡ್ಡು! "ಯಾ ಅಲ್ಲಾ! ಇದರ ಎಣ್ಣಿ ಇದರ ಹಂತ್ಯಾಕನ ಐತಲ್ಲ! ಅದು ತನ್ನ ಮೈಗೆ ತಾನ ಹಚ್ಕೋತೈತಿ. ನಮ್ಮ ಎಣ್ಣಿ ಸುರದು ಪುಕ್ಕೆಲ್ಲ ಅಂಟಸಿ ಬಿಟ್ವಿ ನಾವು" ಎಂದು ನೆಲಕ್ಕೆ ಕೂತುಬಿಟ್ಟಳು. ಅಷ್ಟು ಕೂಸುಗಳ ಮೈ ಬಲ್ಲವಳು, ಆ ದಿನ ಹೊಸದೊಂದು ಮೈ ಕಂಡ ಹುಡುಗಿಯಂತೆ ಬೆರಗಾಗಿದ್ದಳು.

ಎಣ್ಣೆ ತೆಗೆಯುವುದು ಅವಳಿಗೆ ಗೊತ್ತಿದ್ದ ಕೆಲಸವೇ. ಕೂಸಿಗೆ ಮಾಡುವಂತೆಯೇ ಕಡಲೆ ಹಿಟ್ಟು ಹಚ್ಚಿ, ಉಗುರುಬೆಚ್ಚಗಿನ ನೀರೆರೆದು, ಮತ್ತೆ ಹಚ್ಚಿ ಮತ್ತೆ ಎರೆದಳು. ಒಲೆಯ ಕಾವಿಗೆ ಒಣಗಿಸಿದಳು. ಮರುದಿನವೂ ಅದೇ. ಆದರೆ ಉಳಿದದ್ದು ಗೌಡ್ತಿಯೇ ಮಾಡಿಕೊಳ್ಳಬೇಕಾದದ್ದು, ಅವಳೋ ಬುಟ್ಟಿಯಲ್ಲಿ ಮುದುಡಿ ಕೂತಿದ್ದಳು. ಸಂತೆ ಹತ್ತಿರ ಬರುತ್ತಿತ್ತು. ನಾನು ಅವಳ ಮುಂದೆ ಕೂತು ಕತ್ತು ಹೊರಳಿಸಿ ನನ್ನ ಮೂಗನ್ನು ಭುಜಕ್ಕೆ ತಿಕ್ಕಿ ತೋರಿಸುತ್ತಿದ್ದೆ. "ಆಕಿಗೆ ನೀ ಕಲಸ್ತೀಯೇನ ಹುಚ್ಚಿ" ಎಂದು ಆಯಿ ನಗುತ್ತಿದ್ದಳು, ಆದರೆ ನಿಲ್ಲಿಸು ಎನ್ನಲಿಲ್ಲ. ಒಂದು ಸಂಜೆ ಗೌಡ್ತಿ ಎದ್ದು, ರೆಕ್ಕೆ ಝಾಡಿಸಿ, ಕತ್ತನ್ನು ಹಿಂದಕ್ಕೆ ಹೊರಳಿಸಿದಳು. ಆಯಿ ನನ್ನ ಬಾಯಿ ಮುಚ್ಚಿದಳು, ನಾನು ಎಲ್ಲಿ ಕಿರುಚಿಬಿಡುತ್ತೇನೋ ಎಂದು.

ಸಂತೆಯ ಮುಂಜಾನೆ ಅಪ್ಪ ಬುಟ್ಟಿಗೆ ಹಗ್ಗ ಕಟ್ಟಿ ತಯಾರಾಗಿದ್ದ. ಆಯಿ ಗೌಡ್ತಿಯನ್ನು ಬಾನಿಯ ಅಂಚಿಗಿಟ್ಟಳು. ಗೌಡ್ತಿ ನೀರು ನೋಡಿದಳು, ನಮ್ಮನ್ನು ನೋಡಿದಳು, ಇಳಿದಳು. ಬಾಲ ಒಂದು ಸಲ ತಗ್ಗಿತು, ಮತ್ತೆ ಎದ್ದಿತು. ತೇಲಿದಳು! ನೊಂದ ಕಾಲಿಗೆ ಬಲ ಸಾಲದೆ ಒಂದೇ ಕಾಲಿನಿಂದ ನೀರು ತಳ್ಳುತ್ತ ಬಾನಿಯೊಳಗೆ ಗುಂಡಗೆ ತಿರುಗತೊಡಗಿದಳು. "ಗಾಣದ ಎತ್ತಿನಂಗ ತಿರಗಾಕತ್ತೈತಲ್ಲ ಬೇ" ಎಂದ ಅಪ್ಪ. "ತಿರಗಲಿ. ಮುಳಗಿಲ್ಲಲ್ಲ" ಎಂದಳು ಆಯಿ. ಅಪ್ಪ ಬುಟ್ಟಿಯ ಹಗ್ಗ ಬಿಚ್ಚಿ ಗೂಟಕ್ಕೆ ಹಾಕಿದ. ಮುಂದಿನ ದಿನಗಳಲ್ಲಿ ಖಣಿಯಿಂದ ಬರುವಾಗ ಒಡಕು ಪರಸಿಗಳನ್ನು ತಲೆಯ ಮೇಲೆ ಹೊತ್ತು ತಂದ. ಬಾತುಕೋಳಿಗಳ ಗೂಡಿಗೆ ಕಲ್ಲಿನ ನೆಲ ಹಾಸಿದ, ಬೇಲಿಯ ಗುಂಟ ಮೊಣಕಾಲುದ್ದ ಅಗೆದು ಪರಸಿ ನಿಲ್ಲಿಸಿ ಹೂಳಿದ. ಮುಂಗುಸಿ ಬಂದು ಕೆದರಿ ಕೆದರಿ ಹೋದ ಗುರುತು ಕಾಣುತ್ತಿತ್ತು, ಒಳಗೆ ಮಾತ್ರ ಬರಲಿಲ್ಲ.

ಆ ಊರು ಈಗಿಲ್ಲ. ಆಣೆಕಟ್ಟಿನ ಹಿನ್ನೀರು ಏರಿದಾಗ ಜನ ಬಾಗಿಲು, ತೊಲೆ ಬಿಚ್ಚಿಕೊಂಡು ಹೊರಟರು. ಆಗ ನನಗೆ ಮದುವೆಯಾಗಿ ಮಕ್ಕಳಾಗಿದ್ದವು, ಆಯಿ ಹೋಗಿ ಎಷ್ಟೋ ವರ್ಷವಾಗಿತ್ತು. ನಿಮ್ಮಲ್ಲಿಯೂ ಯಾರದಾದರೂ ಮನೆ ಹಾಗೆ ನೀರಿನ ಕೆಳಗಿದ್ದರೆ ನಿಮಗೆ ಗೊತ್ತು, ಕಣ್ಣಿಗೆ ಬರುವುದು ಗೋಡೆಯಲ್ಲ, ಯಾವುದೋ ಒಂದು ಸಂಜೆ. ನನಗೆ ಬರುವುದು ಆಯಿಯನ್ನು ಮಣ್ಣು ಮಾಡಿ ಬಂದ ನಂತರದ ಸಂಜೆಗಳು. ಗೌಡ್ತಿ ಆಗ ಮುದುಕಿ. ಯಾರು ನುಚ್ಚು ಹಾಕಿದರೂ ಗೂಡು ಬಿಟ್ಟು ಬರುತ್ತಿರಲಿಲ್ಲ. ಅವ್ವ ಕರೆದಳು, ನಾನು ಕರೆದೆ, ಅವಳು ಬಾಗಿಲ ಕಡೆಗೇ ನೋಡುತ್ತ ಕೂತಿದ್ದಳು. ಒಂದು ದಿನ ಅಪ್ಪ ಖಣಿಯಿಂದ ಬಂದವನು ಕೈಕಾಲು ತೊಳೆಯದೆ, ಮೈತುಂಬ ಕಲ್ಲಿನ ಬಿಳಿ ಧೂಳಿದ್ದಂತೆಯೇ, ಹಿಡಿ ನುಚ್ಚು ತೆಗೆದುಕೊಂಡು ಹಿತ್ತಲಿಗೆ ಹೋದ. ಬಾಗಿಲ ಮರೆಯಲ್ಲಿದ್ದ ನನ್ನನ್ನು ಕಾಣದೆ, ಸುತ್ತ ಯಾರೂ ಇಲ್ಲವೆಂದುಕೊಂಡು ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಆಮೇಲೆ ಆ ಒರಟು ಗಂಟಲನ್ನು ಆದಷ್ಟು ಸಣ್ಣಗೆ ಮಾಡಿ, ತಾಯಿಯ ರಾಗದಲ್ಲಿ, "ಬಾರ ನಮ್ಮವ್ವಾ, ಬಾ, ಬಾ" ಎಂದು ಕರೆದ. ಗೌಡ್ತಿ ಕುಂಟುತ್ತ ಹೊರಗೆ ಬಂದಳು.